ಗಾಲ್ಜಿನ ಪೋಸ್ಟ್ ಆಫೀಸು ಅಂತ ಹೇಳ್ಕೊಡೋದು ಸರೀನಾ?

ತುಂಗಾತೀರ:
ಮಗಳು ಒಂಬತ್ತನೇ ಕ್ಲಾಸು. ನಿನ್ನೆ ರಾತ್ರಿ ಸೈನ್ಸ್ ನೋಟ್ಸ್ ಜೋರಾಗಿ ಓದ್ತಿದ್ಲು, "ಗಾಲ್ಜಿ ಸಂಕೀರ್ಣವು ಜೀವಕೋಶದ ಅಂಚೆ ಕಚೇರಿ, ಪ್ರೋಟೀನ್‌ಗಳನ್ನು ಮಾರ್ಪಡಿಸಿ, ಪ್ಯಾಕ್ ಮಾಡಿ, ವಿಳಾಸ ಬರೆದು ಕಳಿಸುತ್ತದೆ" ಅಂತ. ಓದಿ ಒಂದು ನಿಮಿಷ ಸುಮ್ನಿದ್ದು ಕೇಳಿದ್ಲು, ಅಮ್ಮಾ ಪೋಸ್ಟ್ ಆಫೀಸಲ್ಲಿ ನಮ್ಮ ಪಾರ್ಸೆಲ್ ಬಿಚ್ಚಿ ಒಳಗಿರೋ ಸಾಮಾನನ್ನ ಕತ್ತರಿಸ್ತಾರಾ? ನಂಗೆ ಆ ಕ್ಷಣಕ್ಕೆ ಉತ್ತರ ಹೊಳೀಲಿಲ್ಲ, ರಾತ್ರಿಯೆಲ್ಲ ಅದೇ ತಲೇಲಿ.

ನಾನು ಬಯೋಕೆಮಿಸ್ಟ್ರಿ ಎಂಎಸ್ಸಿ ಮಾಡಿ ಹದಿನೇಳು ವರ್ಷ ಆಯ್ತು, ಈಗ ಮನೇಲೇ ಟ್ಯೂಷನ್ ಹೇಳ್ಕೊಡ್ತೀನಿ. ಯೋಚಿಸಿದಷ್ಟೂ ಈ ಹೋಲಿಕೆ ಮಕ್ಕಳ ತಲೇಲಿ ತಪ್ಪು ಚಿತ್ರ ಕೂರಿಸ್ತಿದೆ ಅನ್ನಿಸ್ತಿದೆ. ಇನ್ಸುಲಿನ್ನೇ ತಗೊಳ್ಳಿ. ರೈಬೋಸೋಮ್ (ಕೋಶದಲ್ಲಿ ಪ್ರೋಟೀನ್ ಹೆಣೆಯೋ ಯಂತ್ರ) ಹೆಣೆಯೋದು 110 ಅಮೈನೋ ಆಮ್ಲಗಳ ಒಂದೇ ಉದ್ದ ಸರ. ಅದು ಇ.ಆರ್. (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಗಾಲ್ಜಿಗೂ ಮುಂಚೆ ಸಿಗೋ ಪೊರೆಯ ಜಾಲ) ಒಳಗೆ ನುಗ್ತಾ ಇರೋವಾಗ್ಲೇ ಮುಂದಿನ ತುದಿಯ 24 ಕತ್ತರಿಸಿ ಹೋಗುತ್ತೆ, ಉಳಿದ 86 ಅಲ್ಲಿ ಸರಿಯಾಗಿ ಮಡಚ್ಕೊಂಡು ಮೂರು ಗಂಧಕದ ಕೊಂಡಿ ಹಾಕ್ಕೊಳ್ಳುತ್ತೆ, ಗಾಲ್ಜಿ ದಾಟಿ ಸಣ್ಣ ಚೀಲದೊಳಗೆ ಸೇರಿದ್ಮೇಲೆ ನಡುವಿನ 31ರ ತುಂಡೂ ಅದರ ಅಕ್ಕಪಕ್ಕದ ನಾಲ್ಕೂ ಬಿಟ್ಟು ಹೋಗಿ ಕೊನೆಗೆ ಉಳಿಯೋದು 51, 21ರದ್ದೊಂದು ಸರ 30ರದ್ದೊಂದು ಸರ, ಎರಡನ್ನೂ ಹಿಡಿದಿರೋದು ಆ ಕೊಂಡಿಗಳು. ಅಂದ್ರೆ ಹೊರಟ ವಸ್ತುವೇ ಬೇರೆ ತಲುಪಿದ ವಸ್ತುವೇ ಬೇರೆ. ಪೋಸ್ಟ್ ಆಫೀಸಿನ ಧರ್ಮವೇ ಕೊಟ್ಟಿದ್ದನ್ನ ಕೊಟ್ಟ ಹಾಗೇ ತಲುಪಿಸೋದು. ಇದನ್ನ ಬಿಟ್ಬಿಡೋಣ ಅಂತ ನನ್ನ ವಾದ. ನೀವೆಲ್ಲ ಏನಂತೀರಿ?

ಮೇಷ್ಟ್ರು ಹಾಸನ:
ಮೇಡಂ, ನಿಮ್ಮ ಮಗಳ ಪ್ರಶ್ನೆ ತುಂಬಾ ಚೆನ್ನಾಗಿದೆ. ಆದ್ರೆ ಹೋಲಿಕೆ ತೆಗೀಬೇಕು ಅನ್ನೋದನ್ನ ನಾನು ಒಪ್ಪಲ್ಲ. ಹೈಸ್ಕೂಲಲ್ಲಿ ಪಾಠ ಮಾಡೋನು ನಾನು, 40 ನಿಮಿಷದ ಪೀರಿಯಡ್ಡು, ಹಾಜರಿ ತಗೊಂಡು ಉಳಿಯೋದು 35, ಅಷ್ಟರಲ್ಲಿ ಇ.ಆರ್., ಗಾಲ್ಜಿ, ಲೈಸೋಸೋಮ್, ಮೈಟೋಕಾಂಡ್ರಿಯ ಎಲ್ಲ ಆಗ್ಬೇಕು. ಎಲ್ಲ ಹೆಸರು ಮರೆತುಹೋದ ಹುಡುಗನಿಗೂ ಪೋಸ್ಟ್ ಆಫೀಸು ಅನ್ನೋ ಒಂದು ಮಾತಿಂದ ಒಂದು ತಿಳುವಳಿಕೆ ಉಳಿಯುತ್ತೆ, ಪ್ರೋಟೀನು ತಯಾರಾಗೋ ಜಾಗ ಒಂದು ಕೆಲಸ ಮಾಡೋ ಜಾಗ ಇನ್ನೊಂದು, ಮಧ್ಯದಲ್ಲಿ ವಿಳಾಸ ಅಂತ ಒಂದಿದೆ. ಇದು ಸಣ್ಣ ವಿಷಯ ಅಲ್ಲ. ಈ ವಿಳಾಸದ ವಿಚಾರಕ್ಕೇ ಅಲ್ವಾ 1999ರಲ್ಲಿ ಗುಂಟರ್ ಬ್ಲೋಬೆಲ್ ಅವರಿಗೆ ನೊಬೆಲ್ ಬಂದಿದ್ದು.

ನಾನು ಕ್ಲಾಸಲ್ಲಿ ಜಾರ್ಜ್ ಪಲಾಡಿ ಅವರ ಪ್ರಯೋಗ ಹೇಳ್ತೀನಿ, ಜೇಮೀಸನ್ ಜೊತೆ ಸೇರಿ 1967ರಲ್ಲಿ ಪ್ರಕಟಿಸಿದ್ದು. ಗಿನಿಯಿಲಿಯ ಮೇದೋಜೀರಕದ ತೆಳು ಚೂರುಗಳಿಗೆ ಬರೀ 3 ನಿಮಿಷ ವಿಕಿರಣಶೀಲ ಲ್ಯೂಸಿನ್ (ಒಂದು ಅಮೈನೋ ಆಮ್ಲ) ಕೊಟ್ಟು, ಆಮೇಲೆ ಅದನ್ನ ತೊಳೆದು ಸಾಧಾರಣ ಲ್ಯೂಸಿನ್ ಹಾಕಿ, ಹೊತ್ತು ಹೊತ್ತಿಗೆ ಒಂದೊಂದು ಚೂರು ತೆಗೆದು ನೋಡಿದ್ರು. ಆ 3 ನಿಮಿಷ ಮುಗಿದಾಗ ಗುರುತೆಲ್ಲ ರೈಬೋಸೋಮ್ ಅಂಟಿರೋ ಇ.ಆರ್.ನಲ್ಲಿ, ಇನ್ನು 7 ನಿಮಿಷಕ್ಕೆ ಗಾಲ್ಜಿ ಹತ್ರ, ಅರ್ಧ ಗಂಟೆ ಮೇಲಾದಾಗ ಗಟ್ಟಿಯಾಗ್ತಿರೋ ಚೀಲಗಳಲ್ಲಿ, ಸುಮಾರು ಎರಡು ಗಂಟೆಗೆ ಹೊರಗೆ ಸುರಿಯೋಕೆ ಸಿದ್ಧವಾದ ಕಣಗಳಲ್ಲಿ. ಇದು ದಾರಿ ತಾನೇ? ಕಾಗದ ಒಂದೂರಿಂದ ಇನ್ನೊಂದೂರಿಗೆ ಹೋಗೋ ಹಾಗೇ ಇದೆ ತಾನೇ? ಮಕ್ಕಳು ಕಣ್ಣರಳಿಸಿ ಕೇಳ್ತಾರೆ ಮೇಡಂ, ಆ ಕ್ಷಣ ನಂಗೆ ಬಹಳ ಬೆಲೆಯದ್ದು.

ತುಂಗಾತೀರ:
ಮೇಷ್ಟ್ರೇ, ಪಲಾಡಿ ಪ್ರಯೋಗ ಒಂಬತ್ತನೇ ಕ್ಲಾಸಿಗೆ ಹೇಳ್ತೀರಾ ಅಂದ್ರೆ ನಿಮ್ಮ ಮಕ್ಕಳು ಪುಣ್ಯವಂತರು. ಆದ್ರೆ ಬ್ಲೋಬೆಲ್ ಹೇಳಿದ್ದು ನನ್ನ ಕಡೆಗೇ ಬರುತ್ತೆ ನೋಡಿ. ಮೊದಲ ವಿಳಾಸವನ್ನ ಗಾಲ್ಜಿ ಬರೆಯೋದೇ ಇಲ್ಲ. ಅದು ಪ್ರೋಟೀನಿನ ತಲೆಯಲ್ಲೇ ಇರುತ್ತೆ, ಅಂದ್ರೆ ಜೀನಲ್ಲೇ ಬರೆದಿರುತ್ತೆ. ರೈಬೋಸೋಮ್ ಇನ್ನೂ ಸರ ಹೆಣೀತಾ ಇರೋವಾಗ್ಲೇ ಆ ಮುಂದಿನ ತುದಿ ಹೊರಗೆ ಇಣುಕುತ್ತೆ, ಅದನ್ನ ಗುರುತಿಸೋ ಒಂದು ಕಣ ಬಂದು ಅಂಟ್ಕೊಂಡು ಹೆಣಿಗೆಯನ್ನ ಸ್ವಲ್ಪ ಹೊತ್ತು ತಡೆದು ರೈಬೋಸೋಮನ್ನೇ ಇ.ಆರ್. ಬಾಗಿಲಿಗೆ ಕರ್ಕೊಂಡು ಹೋಗುತ್ತೆ. ಇನ್ಸುಲಿನ್ನಲ್ಲಿ ಕತ್ತರಿಸಿ ಹೋಯ್ತು ಅಂದ್ನಲ್ಲ 24, ಅದೇ ಆ ವಿಳಾಸ. ಗಾಲ್ಜಿ ತಲುಪೋ ಹೊತ್ತಿಗೆ ಆ ಚೀಟಿ ಹರಿದು ಬಿಸಾಕಿ ಆಗಿರುತ್ತೆ.

ಇನ್ನೊಂದು, ಇ.ಆರ್.ನಲ್ಲಿ ನಡೆಯೋ ತಪಾಸಣೆ. ಅಲ್ಲಿ ಎಷ್ಟೋ ಪ್ರೋಟೀನುಗಳಿಗೆ 14 ಸಕ್ಕರೆಯ ಒಂದು ಕೊಂಬೆಯನ್ನ ಒಂದೇ ಸಲ ಅಂಟಿಸ್ತಾರೆ, ತುದಿಯ ಗ್ಲೂಕೋಸ್‌ಗಳನ್ನ ಒಂದೊಂದಾಗಿ ಕೀಳ್ತಾ, ಮಡಚಿದ್ದು ಸರಿಯಿಲ್ಲ ಅಂದ್ರೆ ಮತ್ತೆ ಒಂದು ಗ್ಲೂಕೋಸ್ ಅಂಟಿಸಿ ಇನ್ನೊಮ್ಮೆ ಪ್ರಯತ್ನ ಮಾಡು ಅಂತ ವಾಪಸ್ ಕಳಿಸ್ತಾರೆ. ಎಷ್ಟು ಸಲ ಮಾಡಿದ್ರೂ ಆಗಲಿಲ್ಲ ಅಂದ್ರೆ ಇ.ಆರ್. ಹೊರಗೆ ಎಳೆದು ಪುಡಿ ಮಾಡ್ತಾರೆ. ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಆನುವಂಶಿಕ ಕಾಯಿಲೇಲಿ ಆಗೋದು ಇದೇ, ಒಂದು ಪ್ರೋಟೀನಿನ 1480 ಅಮೈನೋ ಆಮ್ಲಗಳಲ್ಲಿ 508ನೇದು ಒಂದೇ ಒಂದು ಬಿಟ್ಟು ಹೋಗಿರುತ್ತೆ, ಬಹಳಷ್ಟು ರೋಗಿಗಳಲ್ಲಿ ಇರೋ ತಪ್ಪು ಅದು. ಆ ಪ್ರೋಟೀನು ಹೇಗೋ ಕೋಶದ ಹೊರಪೊರೆ ತಲುಪಿದ್ರೆ ಸ್ವಲ್ಪ ಮಟ್ಟಿಗಾದ್ರೂ ಕೆಲಸ ಮಾಡ್ತಿತ್ತು, ಆದ್ರೆ ತಪಾಸಣೆ ಬಿಡಲ್ಲ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೂರು ಔಷಧಿಗಳ ಮಾತ್ರೇಲಿ ಎರಡು ಮಾಡೋ ಕೆಲಸವೇ ಅದನ್ನ ಸರಿಯಾಗಿ ಮಡಚಿಸಿ ಮುಂದೆ ಸಾಗಿಸೋದು. ಇಷ್ಟು ದೊಡ್ಡ ವಿಷಯ ಪೋಸ್ಟ್ ಆಫೀಸ್ ಅನ್ನೋ ಮಾತಿನ ಹಿಂದೆ ಮುಚ್ಚಿ ಹೋಗುತ್ತಲ್ಲ ಅಂತ ನನ್ನ ಸಂಕಟ.

ಕಡಲತಡಿ:
ನಾನು ಮಂಗಳೂರು ಕಡೆ ಮಕ್ಕಳ ವಾರ್ಡಲ್ಲಿ ನರ್ಸ್. ತುಂಗಾತೀರ ಅಕ್ಕ, ನೀವು ಹೇಳಿದ್ದು ಹೌದು, ಆದ್ರೆ "ಗಾಲ್ಜಿ ವಿಳಾಸ ಬರೆಯುವುದೇ ಇಲ್ಲ" ಅಂತ ಪೂರ್ತಿ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಲೈಸೋಸೋಮಿಗೆ, ಅಂದ್ರೆ ಕೋಶದ ಕಸ ಕರಗಿಸುವ ಚೀಲಕ್ಕೆ, ಹೋಗುವ ಕಿಣ್ವಗಳು ಉಂಟಲ್ಲ, ಅವುಗಳ ಮ್ಯಾನೋಸ್ ಸಕ್ಕರೆಯ ಮೇಲೆ ಒಂದು ಫಾಸ್ಫೇಟ್ ಗುರುತು ಬೀಳುದು ಗಾಲ್ಜಿಯಲ್ಲೇ. ಆಚೆ ಕೊನೆಯಲ್ಲಿ ಆ ಗುರುತು ಹಿಡಿಯುವ ಗ್ರಾಹಕ (ರಿಸೆಪ್ಟರ್) ಅಂತ ಒಂದು ಪ್ರೋಟೀನ್ ಇರ್ತದೆ, ಅದು ಹಿಡ್ಕೊಂಡು ಲೈಸೋಸೋಮ್ ದಾರಿಗೆ ಹಾಕ್ತದೆ. ಇದು ವಿಳಾಸ ಬರೆಯುದಲ್ಲದೆ ಮತ್ತೆಂತ?

ಐ-ಸೆಲ್ ಅಂತ ಬಹಳ ಅಪರೂಪದ ಒಂದು ಕಾಯಿಲೆ ಉಂಟು. ಆ ಮಕ್ಕಳಲ್ಲಿ ಲೈಸೋಸೋಮಿನ ಕಿಣ್ವಗಳೆಲ್ಲ ತಯಾರಾಗ್ತವೆ, ಕಿಣ್ವದಲ್ಲಿ ತಪ್ಪಿಲ್ಲ, ಗುರುತು ಹಾಕುವ ಆ ಒಂದು ಕಿಣ್ವ ಇಲ್ಲ ಅಷ್ಟೆ. ಗುರುತಿಲ್ಲದ್ದು ಎಲ್ಲಿಗೆ ಹೋಗ್ತದೆ, ಹೊರಗೆ. ರಕ್ತದಲ್ಲಿ ಆ ಕಿಣ್ವಗಳು ತುಂಬಿರ್ತವೆ, ಎಲ್ಲಿ ಬೇಕೋ ಆ ಲೈಸೋಸೋಮಲ್ಲಿ ಇಲ್ಲ, ಅಲ್ಲಿ ಕರಗದ ಕಸ ತುಂಬಿ ತುಂಬಿ ಮಗು ಬೆಳೆಯುದೇ ಇಲ್ಲ. ವಿಳಾಸ ಒಂದು ಇಲ್ಲದ್ದಕ್ಕೆ ಮಗುವಿನ ಜೀವವೇ ಹೋಗ್ತದೆ. ನಾನು ಮೇಷ್ಟ್ರ ಪಕ್ಷ.

ತುಂಗಾತೀರ:
ಇದನ್ನ ಒಪ್ತೀನಿ. ಎಂಎಸ್ಸಿಲಿ ಓದಿದ್ದು, ನೆನಪಿಗೇ ಬರಲಿಲ್ಲ. "ಗಾಲ್ಜಿ ವಿಳಾಸ ಬರೆಯೋದೇ ಇಲ್ಲ" ಅಂದಿದ್ದನ್ನ ವಾಪಸ್ ತಗೋತೀನಿ, ಕೆಲವಕ್ಕೆ ಬರೆಯುತ್ತೆ. ಆದ್ರೆ ದಾರೀಲಿ ಒಳಗಿರೋ ಸಾಮಾನನ್ನೇ ತಿದ್ದುತ್ತೆ ಅನ್ನೋ ನನ್ನ ಮುಖ್ಯ ಮಾತು ಹಾಗೇ ಇದೆ.

ಧಾರವಾಡದಾಂವ:
ನಡುವ ಬಾಯಿ ಹಾಕ್ತೀನಿ ಕ್ಷಮಾ ಇರ್ಲಿ. ನಾ ಕಾಮರ್ಸ್ ಓದಿದಾಂವ. ಮ್ಯಾಲೆ ಅಕ್ಕಾರು ಇನ್ಸುಲಿನ್ನಿಂದ 31ರ ತುಂಡು ಬಿಟ್ಟು ಹೊಕ್ಕೈತಿ ಅಂದ್ರಲ್ರಿ, ಸಿ-ಪೆಪ್ಟೈಡ್ ಅಂತಾರಲ್ಲ ಅದು ಇದ ಏನ್ರಿ? ನಮ್ಮಪ್ಪಗ ಹದಿನಾಕು ವರ್ಷದಿಂದ ಶುಗರ್ ಐತಿ, ಈಗ ಇನ್ಸುಲಿನ್ ಚುಚ್ಚತೇವಿ, ಹ್ವಾದ ತಿಂಗಳ ಡಾಕ್ಟರ್ ಈ ಟೆಸ್ಟ್ ಬರದ್ರು. ಲ್ಯಾಬಿನ್ಯಾಗ ರೊಕ್ಕ ಕಟ್ಟಿಸ್ಕೊಂಡು ರಕ್ತ ತಗೊಂಡ್ರು, ಯಾಕ ಏನು ಅಂತ ಕೇಳಿದ್ರ ಯಾರೂ ಹೇಳಲಿಲ್ಲ. ಇನ್ಸುಲಿನ್ ಎಷ್ಟೈತಿ ಅಂತ ನೋಡೂದು ಬಿಟ್ಟು ಕತ್ತರಿಸಿ ಒಗೆದ ತುಂಡು ಯಾಕ ಎಣಿಸ್ತಾರ್ರಿ?

ಕಡಲತಡಿ:
ಅದೇ ಅಣ್ಣ, ಅದೇ ತುಂಡು. ಅದನ್ನು ಒಗೆಯುದಿಲ್ಲ, ಅಲ್ಲಿ ಉಂಟು ವಿಷಯ. ಕತ್ತರಿಸುದು ಚೀಲದ ಒಳಗೆ ಅಲ್ವಾ, ಹಾಗಾಗಿ ತುಂಡೂ ಆ ಚೀಲದಲ್ಲೇ ಉಳೀತದೆ. ಊಟ ಮಾಡಿ ಸಕ್ಕರೆ ಏರಿದಾಗ ಚೀಲ ಬಾಯಿ ಬಿಡ್ತದಲ್ಲ, ಆಗ ಇನ್ಸುಲಿನ್ನೂ ಸಿ-ಪೆಪ್ಟೈಡೂ ಒಂದಕ್ಕೊಂದು ಲೆಕ್ಕದಲ್ಲಿ ರಕ್ತಕ್ಕೆ ಬರ್ತವೆ. ನೀವು ಚುಚ್ಚುವ ಇನ್ಸುಲಿನ್ನಲ್ಲಿ ಈ ತುಂಡು ಇರುದಿಲ್ಲ. ರಕ್ತದಲ್ಲಿ ಇನ್ಸುಲಿನ್ ಅಳೆದ್ರೆ ಚುಚ್ಚಿದ್ದು ಯಾವುದು ಅಪ್ಪನ ದೇಹವೇ ಮಾಡಿದ್ದು ಯಾವುದು ಅಂತ ಬೇರೆ ಮಾಡ್ಲಿಕ್ಕೆ ಕಷ್ಟ, ಸಿ-ಪೆಪ್ಟೈಡ್ ಇದ್ರೆ ಅಷ್ಟು ಅವರ ಸ್ವಂತದ್ದು. ಮತ್ತೆ ಇನ್ಸುಲಿನ್ ಕೆಲವೇ ನಿಮಿಷದಲ್ಲಿ ಕರಗ್ತದೆ, ಅರ್ಧದಷ್ಟನ್ನು ಲಿವರ್ ಮೊದಲ ಸುತ್ತಲ್ಲೇ ಹಿಡೀತದೆ, ಈ ತುಂಡು ಹೆಚ್ಚು ಹೊತ್ತು ಉಳೀತದೆ, ಅಳೆಯಲಿಕ್ಕೆ ಸುಲಭ. ರಿಪೋರ್ಟಲ್ಲಿ ಬಂದ ನಂಬರಿನ ಅರ್ಥ ಮಾತ್ರ ನಿಮ್ಮ ಡಾಕ್ಟರ ಹತ್ರವೇ ಕೂತು ಕೇಳಿ, ಊಟದ ಮೊದಲು ತೆಗೆದದ್ದಾ ನಂತರವಾ, ಕಿಡ್ನಿ ಹೇಗುಂಟು, ಎಲ್ಲ ನೋಡ್ಬೇಕಾಗ್ತದೆ.

ಧಾರವಾಡದಾಂವ:
ಭಾಳ ಉಪಕಾರ ಆತ್ರಿ ಅಕ್ಕಾರ. ಹದಿನೈದು ದಿನದಿಂದ ತಲ್ಯಾಗ ಕುಂತಿತ್ತು ಇದು, ಅಪ್ಪಗ ಇವತ್ತ ಸಂಜಿಗೆ ಹೇಳ್ತೀನಿ. ಇನ್ನೊಂದು ಕೇಳ್ತೀನಿ, ಈ ಚೀಲ ತಪ್ಪು ಮನಿಗೆ ಹೋಗಂಗಿಲ್ಲೇನ್ರಿ? ಅಷ್ಟು ಕೋಟಿ ಚೀಲ ಓಡಾಡ್ತಾವು ಅಂದ್ರ?

ಸೂಕ್ಷ್ಮದರ್ಶಿ:
ನಾನು ಬೆಂಗಳೂರಲ್ಲಿ ಮೈಕ್ರೋಸ್ಕೋಪ್ ಕೆಲಸ ಮಾಡೋ ಪೋಸ್ಟ್‌ಡಾಕ್. ಮೊದಲು ಧಾರವಾಡದ ಅಣ್ಣನ ಪ್ರಶ್ನೆ. ಚೀಲದ ಪೊರೆ ಮೇಲೂ ತಲುಪಬೇಕಾದ ಪೊರೆ ಮೇಲೂ ಸ್ನೇರ್ ಅನ್ನೋ ಉದ್ದುದ್ದ ಪ್ರೋಟೀನುಗಳು ಇರ್ತವೆ, ಜೋಡಿ ಸರಿಯಾದ್ರೆ ಎರಡೂ ಕಡೆಯವು ಜಡೆ ಹೆಣೆದ ಹಾಗೆ ಸುತ್ಕೊಂಡು ಎರಡು ಪೊರೆಗಳನ್ನ ಹತ್ತಿರ ಎಳೆದು ಒಂದು ಮಾಡ್ತವೆ. ಅದಕ್ಕೂ ಮುಂಚೆ ಚೀಲವನ್ನ ದೂರದಿಂದ ಹಿಡಿಯೋ ದಾರಗಳು, ಯಾವ ಪೊರೆ ಯಾವುದು ಅಂತ ಗುರುತು ಹಿಡಿಸೋ ಇನ್ನೊಂದು ಗುಂಪಿನ ಪ್ರೋಟೀನುಗಳು ಬೇರೆ ಇವೆ. ಧನುರ್ವಾಯು ಯಾಕೆ ಬರುತ್ತೆ ಗೊತ್ತಾ? ಆ ಬ್ಯಾಕ್ಟೀರಿಯಾದ ವಿಷ ನರಕೋಶದೊಳಗೆ ಹೋಗಿ ಚೀಲದ ಮೇಲಿರೋ ಇಂಥ ಒಂದು ಸ್ನೇರನ್ನ ಕತ್ತರಿಸುತ್ತೆ. ಸ್ನಾಯುವನ್ನ ಸಡಿಲ ಬಿಡು ಅನ್ನೋ ಸಂದೇಶದ ಚೀಲ ತೆರೆಯೋದೇ ಇಲ್ಲ, ಮೈ ಬಿಲ್ಲಿನ ಹಾಗೆ ಬಾಗುತ್ತೆ. ನಾವು ಹಾಕಿಸ್ಕೊಳ್ಳೋ ಟಿಟಿ ಇಂಜೆಕ್ಷನ್ ತಡೆಯೋದು ಈ ಕತ್ತರಿಯನ್ನ.

ಇನ್ನು ಪೋಸ್ಟ್ ಆಫೀಸ್ ವಿಷಯ. ನೀವಿಬ್ರೂ ಒಂದು ಮಾತನ್ನ ಪ್ರಶ್ನೆ ಮಾಡದೆ ಒಪ್ಕೊಂಡಿದೀರಿ, ಗಾಲ್ಜಿ ಅನ್ನೋದು ಒಂದು ಕಟ್ಟಡ, ಅದು ನಿಂತಲ್ಲೇ ನಿಂತಿರುತ್ತೆ, ಸಾಮಾನು ಮಾತ್ರ ಕೌಂಟರಿಂದ ಕೌಂಟರಿಗೆ ಓಡುತ್ತೆ ಅಂತ. ನಮ್ಮ ಕ್ಷೇತ್ರದಲ್ಲಿ ಹತ್ತಾರು ವರ್ಷ ಜಗಳ ನಡೆದಿರೋದೇ ಇದರ ಮೇಲೆ. ಗಾಲ್ಜಿ ಅಂದ್ರೆ ಒಂದರ ಮೇಲೊಂದು ಇಟ್ಟ ದೋಸೆಗಳ ಹಾಗೆ ಇರೋ ಚಪ್ಪಟೆ ಚೀಲಗಳು. ಇ.ಆರ್. ಕಡೆಯ ದೋಸೆ ಕೆಳಗಿಂದು, ಹೊರಡೋ ಕಡೆಯದ್ದು ಮೇಲಿಂದು ಅಂತ ಇಟ್ಕೊಳ್ಳಿ, ಒಂದೊಂದರಲ್ಲೂ ಸಕ್ಕರೆ ತಿದ್ದೋ ಕಿಣ್ವಗಳು ಬೇರೆ ಬೇರೆ. ಹಳೇ ಚಿತ್ರ ಏನು ಅಂದ್ರೆ ದೋಸೆ ಸ್ಥಿರ, ಸಣ್ಣ ಸಣ್ಣ ಚೀಲಗಳು ಪ್ರೋಟೀನನ್ನ ಕೆಳಗಿಂದ ಮೇಲಕ್ಕೆ ದಾಟಿಸ್ತವೆ. ಆದ್ರೆ ಕೊಲ್ಯಾಜನ್ ಅಂತ ಒಂದು ಪ್ರೋಟೀನಿದೆ, ನಮ್ಮ ಚರ್ಮ ಮೂಳೆ ಹಲ್ಲಿನ ವಸಡು ಎಲ್ಲ ಹಿಡಿದಿರೋದು ಅದೇ. ಮೂರು ಎಳೆ ಹುರಿ ಮಾಡಿದ ಗಟ್ಟಿ ಕಡ್ಡಿ, 300 ನ್ಯಾನೋಮೀಟರ್ ಉದ್ದ. ಸಾಮಾನ್ಯ ಸಾಗಾಣಿಕೆ ಚೀಲದ ಅಗಲ 60ರಿಂದ 90. ಈ ಕಡ್ಡಿ ಆ ಚೀಲದಲ್ಲಿ ಹಿಡಿಯೋದೇ ಇಲ್ಲ, ಬಾಗೋದೂ ಇಲ್ಲ. ಹಾಗಿದ್ರೆ ಗಾಲ್ಜಿ ದಾಟೋದು ಹೇಗೆ? 1998ರಲ್ಲಿ ಇಟಲಿಯ ಆಲ್ಬರ್ಟೋ ಲುಯೀನಿ ಅವರ ಗುಂಪು ತೋರಿಸ್ತು, ಕೊಲ್ಯಾಜನ್ ತಾನು ಕೂತ ದೋಸೆ ಬಿಟ್ಟು ಹೊರಗೆ ಬರದೇನೇ ಆಚೆ ಕಡೆ ತಲುಪುತ್ತೆ. ಅಂದ್ರೆ ದೋಸೆಯೇ ಮುಂದಕ್ಕೆ ಸಾಗುತ್ತೆ, ಕೆಳಗೆ ಹೊಸದು ಹುಟ್ಟುತ್ತೆ ಮೇಲಿಂದು ಒಡೆದು ಚೀಲಗಳಾಗಿ ಹೊರಡುತ್ತೆ, ಮಧ್ಯದ್ದು ಬಲಿಯುತ್ತೆ. ಓಡಾಡೋದು ಸಾಗಬೇಕಾದ ಪ್ರೋಟೀನ್ ಅಲ್ಲ, ಅದನ್ನ ತಿದ್ದೋ ಕಿಣ್ವಗಳು, ಅದೂ ಹಿಂದಕ್ಕೆ!

2006ರಲ್ಲಿ ಇದನ್ನ ಕಣ್ಣಾರೆ ನೋಡಿದ್ರು, ಶಿಕಾಗೋದಲ್ಲಿ ಬೆಂಜಮಿನ್ ಗ್ಲಿಕ್ ಅವರ ಲ್ಯಾಬು, ಜಪಾನಲ್ಲಿ ಅಕಿಹಿಕೊ ನಕಾನೊ ಅವರ ಲ್ಯಾಬು, ಎರಡೂ ಕಡೆ ಒಂದೇ ವರ್ಷ. ಬ್ರೆಡ್ ಮಾಡೋ ಯೀಸ್ಟಲ್ಲಿ ಗಾಲ್ಜಿಯ ದೋಸೆಗಳು ಅಟ್ಟಿ ಆಗಿರಲ್ಲ, ಚದುರಿರ್ತವೆ, ಒಂದೊಂದನ್ನೇ ಹಿಂಬಾಲಿಸ್ಬಹುದು. ಮೊದಲ ಹಂತದ ಪ್ರೋಟೀನಿಗೆ ಹಸಿರು ಬಣ್ಣ ಕೊನೇ ಹಂತದ್ದಕ್ಕೆ ಕೆಂಪು ಕಟ್ಟಿ ಕಾದು ನೋಡಿದ್ರೆ ಒಂದೇ ಚೀಲ ಕೆಲವು ನಿಮಿಷದಲ್ಲಿ ಹಸಿರಿಂದ ಕೆಂಪಿಗೆ ತಿರುಗ್ತು. ಆ ವಿಡಿಯೋ ನಾನು ಮೊದಲ ಸಲ ನೋಡಿದಾಗ ಎದ್ದು ನಿಂತಿದ್ದೆ, ಈಗ್ಲೂ ಮೈ ಜುಮ್ ಅನ್ನುತ್ತೆ. ಪೋಸ್ಟ್ ಆಫೀಸೇ ಊರಿಂದೂರಿಗೆ ನಡ್ಕೊಂಡು ಹೋಗ್ತಾ ಹೋಗ್ತಾ ಕೊನೆಗೆ ತಾನೇ ಪಾರ್ಸೆಲ್ ಆಗಿ ಹರಡಿ ಹೋಗುತ್ತೆ ಅಂದ್ರೆ ಅದನ್ನ ಪೋಸ್ಟ್ ಆಫೀಸು ಅನ್ನೋದು ಹೇಗೆ?

ಮೇಷ್ಟ್ರು ಹಾಸನ:
ಸರ್, ಇದು ನಂಗೆ ಹೊಸದು. ಬಿಎಸ್ಸಿ ಓದುವಾಗ ನಮಗೆ ಯಾರೂ ಹೇಳಿರಲಿಲ್ಲ. ಒಂದು ಅನುಮಾನ, ಕೊಲ್ಯಾಜನ್ ಅಷ್ಟು ಉದ್ದ ಇದ್ರೆ ಇ.ಆರ್. ಬಿಟ್ಟು ಗಾಲ್ಜಿಗೆ ಬರೋದೇ ಹೇಗೆ ಮತ್ತೆ? ಅಲ್ಲಿ ಚೀಲ ಬೇಕೇ ಬೇಕಲ್ಲ?

ಸೂಕ್ಷ್ಮದರ್ಶಿ:
ಮೇಷ್ಟ್ರೇ ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ. ಅದಕ್ಕೆ ಟ್ಯಾಂಗೋ-1 ಅನ್ನೋ ದೊಡ್ಡ ಪ್ರೋಟೀನ್ ಒಂದಿದೆ, ಇ.ಆರ್.ನ ಹೊರಬಾಗಿಲಲ್ಲಿ ಕೂತು ಕೊಲ್ಯಾಜನ್ನನ್ನ ಒಳಗಿಂದ ಹಿಡ್ಕೊಂಡು ಹೊರಗಡೆ ಚೀಲದ ಕವಚ ಬೇಗ ಮುಚ್ಚದ ಹಾಗೆ ನೋಡ್ಕೊಳ್ಳುತ್ತೆ, ಬಾಗಿಲು ದೊಡ್ಡದಾಗುತ್ತೆ. 2009ರಲ್ಲಿ ಬಾರ್ಸಿಲೋನದಲ್ಲಿರೋ ವಿವೇಕ್ ಮಲ್ಹೋತ್ರಾ ಅವರ ಲ್ಯಾಬ್ ಇದನ್ನ ತೋರಿಸ್ತು. ಅದು ಪೂರ್ತಿ ಚೀಲವೋ ಉದ್ದ ಕೊಳವೆಯೋ ಅನ್ನೋದ್ರ ಮೇಲೆ ಇನ್ನೂ ಮಾತು ನಡೀತಿದೆ.

ಕಡಲತಡಿ:
ಕೊಲ್ಯಾಜನ್ ಅಂದದ್ದಕ್ಕೆ ಒಂದು ಸೇರಿಸ್ತೇನೆ. ಆ ಮೂರೆಳೆ ಹುರಿ ಗಟ್ಟಿ ನಿಲ್ಲಲಿಕ್ಕೆ ಇ.ಆರ್.ನಲ್ಲಿ ಅದರ ಪ್ರೋಲಿನ್ ಅನ್ನುವ ಅಮೈನೋ ಆಮ್ಲಗಳಿಗೆ ಒಂದು ತಿದ್ದುಪಡಿ ಆಗ್ಬೇಕು, ಆ ಕಿಣ್ವಕ್ಕೆ ವಿಟಮಿನ್ ಸಿ ಬೇಕು. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿ ಹೋದವರಿಗೆ ವಸಡಿನಲ್ಲಿ ರಕ್ತ ಬಂದು ಹಳೆ ಗಾಯ ಬಿಚ್ಚಿಕೊಳ್ತಿತ್ತಲ್ಲ ಸ್ಕರ್ವಿ, ಅದು ಈ ಒಂದು ತಿದ್ದುಪಡಿ ನಿಂತದ್ದರಿಂದ. ಅಜ್ಜಿ ಮಳೆಗಾಲದಲ್ಲಿ ನೆಲ್ಲಿಕಾಯಿ ಉಪ್ಪಿನಕಾಯಿ ತಿನ್ನಿ ಅಂತ ಬಡಿಸುವಾಗ ನನಗೆ ಇದೇ ನೆನಪಾಗುದು.

ಹುದುಗು:
ಸೂಕ್ಷ್ಮದರ್ಶಿ ಸರ್, ನೀವು ಹೇಳಿದ್ದು ಕೇಳೋಕೆ ಚೆನ್ನಾಗಿದೆ ಆದ್ರೆ ಒಂದು ಕಡೆಯದ್ದೇ ಹೇಳಿದ್ರಿ. ನಾನು ಪಿಎಚ್‌ಡಿ ಮಾಡಿದ್ದು ಯೀಸ್ಟ್ ಮೇಲೆ, ಈಗ ಒಂದು ಫರ್ಮೆಂಟೇಷನ್ ಪ್ಲಾಂಟಲ್ಲಿದೀನಿ. 2008ರಲ್ಲಿ ಜೆನಿಫರ್ ಲಿಪಿನ್‌ಕಾಟ್-ಶ್ವಾರ್ಟ್ಸ್ ಅವರ ಗುಂಪು ಪ್ರಾಣಿಕೋಶದಲ್ಲಿ ಗಾಲ್ಜಿಯೊಳಗಿನ ಪ್ರೋಟೀನಿಗೆ ಗುರುತು ಹಾಕಿ ಅದು ಎಷ್ಟು ಹೊತ್ತಿಗೆ ಖಾಲಿಯಾಗುತ್ತೆ ಅಂತ ಅಳೆದ್ರು. ದೋಸೆ ಸಾಲಾಗಿ ಮುಂದೆ ಸಾಗೋದೇ ನಿಜ ಆಗಿದ್ರೆ ಈಗ ತಾನೇ ಒಳಗೆ ಬಂದಿದ್ದು ಸರದಿ ಬರೋವರೆಗೆ ಕಾಯಬೇಕು, ಕ್ಯೂನಲ್ಲಿ ಕಡೇಲಿ ನಿಂತೋನ ಹಾಗೆ. ಆದ್ರೆ ಅವರಿಗೆ ಕಂಡಿದ್ದು ಏನು, ಕಾಯೋದೇ ಇಲ್ಲ, ಮೊದಲ ನಿಮಿಷದಿಂದಲೇ ಹೊರಗೆ ಹೋಗೋಕೆ ಶುರು, ಹೋಗ್ತಾ ಹೋಗ್ತಾ ವೇಗ ಕಮ್ಮಿಯಾಗುತ್ತೆ, ತೂತು ಬಿದ್ದ ಕೊಡದಿಂದ ನೀರು ಸೋರಿದ ಹಾಗೆ. ಅದನ್ನ ಬರೀ ಬಲಿಯೋ ದೋಸೆ ಅನ್ನೋ ಒಂದೇ ಮಾತಿಂದ ವಿವರಿಸೋಕೆ ಆಗಲ್ಲ. ಹಾಗಾಗಿ ಕೊಲ್ಯಾಜನ್ ಥರದ ದೊಡ್ಡದಕ್ಕೆ ಒಂದು ರೀತಿ, ಚಿಕ್ಕದಕ್ಕೆ ಇನ್ನೊಂದು ರೀತಿ, ದೋಸೆಗಳ ನಡುವೆ ಕೊಳವೆ ಸೇರಿಸೋದೂ ಇರಬಹುದು ಅನ್ನೋರು ಇದ್ದಾರೆ. ಮುಗಿದ ವಿಷಯ ಅಂತ ಮಕ್ಕಳಿಗೆ ಹೇಳ್ಬೇಡಿ.

ಮತ್ತೆ ಯೀಸ್ಟ್ ಬಗ್ಗೆ ಒಂದು ಮಾತು, ನಂಗೆ ಬಹಳ ಪ್ರೀತಿ ಅದರ ಮೇಲೆ. ಈ ದಾರಿಯಲ್ಲಿ ಯಾವ್ಯಾವ ಜೀನ್ ಇದೆ ಅಂತ ಮೊದಲು ಗೊತ್ತಾಗಿದ್ದೇ ಯೀಸ್ಟಿಂದ. ರ‍್ಯಾಂಡಿ ಶೆಕ್ಮನ್, ಪೀಟರ್ ನೋವಿಕ್ ಇಬ್ರೂ 25 ಡಿಗ್ರೀಲಿ ಚೆನ್ನಾಗಿ ಬೆಳೆಯೋ, 37 ಡಿಗ್ರೀಲಿ ಸ್ರವಿಸೋದು ನಿಲ್ಲಿಸೋ ಯೀಸ್ಟ್‌ಗಳನ್ನ ಹುಡುಕಿದ್ರು. ಹುಡುಕಿದ ಉಪಾಯ ನೋಡಿ, ಸಾಮಾನು ಹೊರಗೆ ಹೋಗದೆ ಒಳಗೇ ತುಂಬ್ಕೊಂಡ್ರೆ ಕೋಶ ಭಾರವಾಗುತ್ತಲ್ಲ, ಭಾರ ಆದವುಗಳನ್ನ ಸೆಂಟ್ರಿಫ್ಯೂಜಲ್ಲಿ ತಿರುಗಿಸಿ ಬೇರೆ ಮಾಡಿದ್ರು. 1980ಕ್ಕೆ 23 ಜೀನ್ ಸಿಕ್ಕಿತ್ತು. 2013ರ ನೊಬೆಲ್ ಶೆಕ್ಮನ್‌ಗೆ, ಜೊತೆಗೆ ಜೇಮ್ಸ್ ರೋಥ್ಮನ್, ಥಾಮಸ್ ಸೂಡಾಫ್. ಧಾರವಾಡದ ಅಣ್ಣ, ನಿಮ್ಮಪ್ಪಂಗೆ ಚುಚ್ಚೋ ಇನ್ಸುಲಿನ್ನಿಗೂ ಇದಕ್ಕೂ ಸಂಬಂಧ ಇದೆ. ಬ್ಯಾಕ್ಟೀರಿಯಾದಲ್ಲಿ ಇ.ಆರ್. ಇಲ್ಲ, ಅದರಲ್ಲಿ ಇನ್ಸುಲಿನ್ ಮಾಡಿಸಿದ್ರೆ ಸಾಮಾನ್ಯವಾಗಿ ಮಡಚದೆ ಒಳಗೇ ಉಂಡೆ ಕಟ್ಟುತ್ತೆ, ಅದನ್ನ ಹೊರಗೆ ತೆಗೆದು ಕರಗಿಸಿ ಮತ್ತೆ ಮಡಚಬೇಕು. ಯೀಸ್ಟಿಗೆ ಇ.ಆರ್. ಇದೆ ಗಾಲ್ಜಿ ಇದೆ, ಇನ್ಸುಲಿನ್ನಿನ ಹಿಂದಿನ ರೂಪವನ್ನ ಮಡಚಿ, ಕೊಂಡಿ ಹಾಕಿ, ಹೊರಗಿನ ದ್ರವಕ್ಕೆ ಬಿಡುತ್ತೆ, ಕೊನೇ ಕತ್ತರಿ ಕೆಲಸ ಮಾತ್ರ ನಾವು ಕಿಣ್ವ ಹಾಕಿ ಮಾಡ್ಬೇಕು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಪಿಕಿಯಾ ಅನ್ನೋ ಯೀಸ್ಟಲ್ಲಿ ಮಾಡಿದ್ದು. ಅದೇ ಪಿಕಿಯಾದಲ್ಲಿ ಗಾಲ್ಜಿ ನೀಟಾಗಿ ಅಟ್ಟಿ ಕಟ್ಟಿರುತ್ತೆ ಅಂತ ಗ್ಲಿಕ್ ಲ್ಯಾಬ್‌ನೋರು ಅದನ್ನೂ ಇಟ್ಕೊಂಡು ಕೆಲಸ ಮಾಡ್ತಾರೆ.

ಸೂಕ್ಷ್ಮದರ್ಶಿ:
2008ರದ್ದು ನಾನು ಹೇಳ್ಬೇಕಿತ್ತು, ಒಪ್ತೀನಿ. ಆದ್ರೂ ಕಿಣ್ವಗಳು ಹಿಂದಕ್ಕೆ ಹೋಗ್ತವೆ ಅನ್ನೋದನ್ನ ಇವತ್ತು ಬಹುತೇಕ ಎಲ್ರೂ ಒಪ್ತಾರೆ, ಬರೀ ಸ್ಥಿರವಾದ ಕೌಂಟರ್ ಅನ್ನೋ ಚಿತ್ರಕ್ಕೆ ವಾಪಸ್ ಹೋಗೋಕಾಗಲ್ಲ. ನಿಮಗೂ ನಂಗೂ ಇದರಲ್ಲಿ ಭಿನ್ನಾಭಿಪ್ರಾಯ ಉಳಿಯುತ್ತೆ ಅನ್ಸುತ್ತೆ.

ಕಡಲತಡಿ:
ನೀವು ಇಷ್ಟೆಲ್ಲ ಹೇಳುವಾಗ ನನಗೆ ಕಂಡದ್ದು ನಮ್ಮೂರ ದೇವಸ್ಥಾನದ ಊಟ. ಹಳೇ ಚಿತ್ರ ಬಫೆ. ಬಟ್ಟಲು ಹಿಡ್ಕೊಂಡು ನಾವೇ ಪಲ್ಯದ ಟೇಬಲ್‌ಗೆ, ಅನ್ನದ ಟೇಬಲ್‌ಗೆ, ಪಾಯಸದ ಟೇಬಲ್‌ಗೆ ಹೋಗುದು. ಹೊಸದು ಪಂಕ್ತಿ ಊಟ. ಎಲೆ ಹಾಕಿದಲ್ಲೇ ಇರ್ತದೆ, ಉಪ್ಪು ಬಡಿಸುವವರು ಬಂದು ಹೋಗ್ತಾರೆ, ಪಲ್ಯದವರು, ಅನ್ನದವರು, ಸಾರಿನವರು, ಪಾಯಸದವರು. ಎಲೆ ಕದಲುದಿಲ್ಲ, ಬಡಿಸುವವರೇ ಬದಲಾಗುದು. ಉಪ್ಪಿನವರು ಇಲ್ಲಿ ಕೆಲಸ ಮುಗಿಸಿ ಹಿಂದಿನ ಹೊಸ ಎಲೆಗೆ ಹೋಗ್ತಾರೆ. ಎಲೆಯೇ ಗಾಲ್ಜಿಯ ದೋಸೆ, ಬಡಿಸುವವರೇ ಕಿಣ್ವ. ಸರಿ ಉಂಟಾ?

ಸೂಕ್ಷ್ಮದರ್ಶಿ:
ಅಬ್ಬಾ! ಇದು ನಾನು ಇಷ್ಟು ವರ್ಷ ಕೇಳಿದ ಹೋಲಿಕೆಗಳಲ್ಲೇ ನಿಖರವಾದದ್ದು, ಬಡಿಸೋ ಕ್ರಮ ತಪ್ಪಬಾರದು ಅನ್ನೋದೂ ಇದರಲ್ಲಿ ಬಂತು, ಯಾಕಂದ್ರೆ ಸಕ್ಕರೆ ತಿದ್ದೋ ಕಿಣ್ವಗಳಿಗೆ ಹಿಂದಿನ ಕಿಣ್ವ ತನ್ನ ಕೆಲಸ ಮುಗಿಸಿರ್ಬೇಕು. ತಾಳೆ ಬೀಳದ ಜಾಗ ಒಂದು, ಊಟ ಆದ್ಮೇಲೆ ಎಲೆ ಎಲೆಯಾಗೇ ಉಳಿಯುತ್ತೆ, ಇಲ್ಲಿ ಎಲೆಯೇ ಹರಿದು ಚೀಲಗಳಾಗಿ ಹೊರಡುತ್ತೆ.

ಮೇಷ್ಟ್ರು ಹಾಸನ:
ನಾನು ಪೋಸ್ಟ್ ಆಫೀಸ್ ಬಿಡಲ್ಲ, ವಿಳಾಸದ ವಿಷಯ ಪಂಕ್ತೀಲಿ ಇಲ್ಲ, ಆ ಐ-ಸೆಲ್ ಮಗುವಿನ ಕತೆ ಹೇಳೋಕೆ ಪಂಕ್ತಿ ಸಾಲಲ್ಲ. ಆದ್ರೆ ಮಾರ್ಪಾಡು ಹೇಳೋವಾಗ ಪಂಕ್ತಿ ಹೇಳ್ತೀನಿ. ಒಂದೇ ಹೋಲಿಕೆ ಎಲ್ಲಾನೂ ಹೊರಬೇಕು ಅಂತ ನಾವು ಅದರ ಮೇಲೆ ಭಾರ ಹಾಕ್ತಿದ್ವಿ ಅನ್ಸುತ್ತೆ.

ತುಂಗಾತೀರ:
ಮೇಷ್ಟ್ರೇ, ನಾನಂತೂ ಇನ್ಮೇಲೆ ನನ್ನ ಟ್ಯೂಷನ್ ಮಕ್ಕಳಿಗೆ ಪೋಸ್ಟ್ ಆಫೀಸು ಅನ್ನಲ್ಲ, ಅದು ನನ್ನ ತೀರ್ಮಾನ. ಪಂಕ್ತಿ ಊಟದ್ದನ್ನ ಮಗಳಿಗೆ ಈಗ ಓದಿ ಹೇಳಿದೆ. ಕೂಡ್ಲೇ ಕೇಳಿದ್ಲು, ಉಪ್ಪು ಬಡಿಸೋರಿಗೆ ತಾನು ಯಾವಾಗ ವಾಪಸ್ ಹೋಗ್ಬೇಕು ಅಂತ ಹೇಗೆ ಗೊತ್ತಾಗುತ್ತೆ, ಅವರಿಗೆ ಕಣ್ಣಿಲ್ಲವಲ್ಲ ಅಂತ. ಸೂಕ್ಷ್ಮದರ್ಶಿ ಅವ್ರೇ ಇದು ನಿಮ್ಮ ಪಾಲಿಗೆ.

ಸೂಕ್ಷ್ಮದರ್ಶಿ:
ಮಗುವಿಗೆ ಹೀಗೆ ಹೇಳಿ. ಕಣ್ಣಿಲ್ಲ, ಹುಳಿ ಗೊತ್ತಾಗುತ್ತೆ. ಹುಳಿ ಅಳೆಯೋದು ಪಿಎಚ್ ಅನ್ನೋ ಲೆಕ್ಕದಲ್ಲಿ, ಅದು ಕಮ್ಮಿ ಆದಷ್ಟೂ ಹುಳಿ ಜಾಸ್ತಿ. ಇ.ಆರ್. ಒಳಗೆ ಪಿಎಚ್ ಸುಮಾರು 7.2, ಗಾಲ್ಜಿ ಒಳಗೆ ಹೋಗ್ತಾ ಹೋಗ್ತಾ ಹುಳಿ ಏರುತ್ತೆ, ಆಚೆ ತುದಿ ಹೊತ್ತಿಗೆ 6ರ ಹತ್ರ, ಇನ್ಸುಲಿನ್ ಚೀಲದಲ್ಲಿ ಇನ್ನೂ ಕಮ್ಮಿ, 5.5ರ ಹತ್ರ. ಗಾಲ್ಜಿಯ ಕಿಣ್ವಗಳು ವಾಪಸ್ ಹೋಗೋದ್ರಲ್ಲಿ ಕಾಪ್-1 ಅನ್ನೋ ಕವಚದ ಚೀಲಗಳ ಕೈವಾಡ ಇದೆ, ಅದು ದೊಡ್ಡ ಕತೆ. ಸುಲಭವಾಗಿ ಅರ್ಥ ಆಗೋದು ಇ.ಆರ್.ಗೆ ವಾಪಸ್ ಹೋಗ್ಬೇಕಾದವರದ್ದು. ಪ್ರೋಟೀನ್ ಮಡಚೋಕೆ ಸಹಾಯ ಮಾಡೋ ಇ.ಆರ್.ನ ಕೆಲಸಗಾರರ ಬಾಲದಲ್ಲಿ ನಾಲ್ಕು ಅಮೈನೋ ಆಮ್ಲಗಳ ಒಂದು ಗುರುತಿರುತ್ತೆ, ಲೈಸಿನ್, ಆಸ್ಪಾರ್ಟೇಟ್, ಗ್ಲುಟಮೇಟ್, ಲ್ಯೂಸಿನ್. ಅವರು ತಪ್ಪಿ ಸಾಮಾನಿನ ಜೊತೆ ಗಾಲ್ಜಿಗೆ ಬಂದುಬಿಟ್ರೆ ಅಲ್ಲಿರೋ ಗ್ರಾಹಕ ಆ ಹುಳಿಯಲ್ಲಿ ಆ ನಾಲ್ಕನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ, ಕಾಪ್-1 ಚೀಲ ಹತ್ತಿ ಇ.ಆರ್.ಗೆ ಹೋಗುತ್ತೆ, ಅಲ್ಲಿ ಹುಳಿ ಇಲ್ಲ, ಹಿಡಿತ ಸಡಿಲ ಆಗುತ್ತೆ, ಕೆಲಸಗಾರ ಇಳಿದು ತನ್ನ ಕೆಲಸಕ್ಕೆ ಹೋಗ್ತಾನೆ, ಗ್ರಾಹಕ ಖಾಲಿ ಕೈಯಲ್ಲಿ ಮತ್ತೆ ಗಾಲ್ಜಿಗೆ ಬರುತ್ತೆ.

ಧಾರವಾಡದಾಂವ:
ಅಪ್ಪಗ ಓದಿ ಹೇಳಿದೆ ನೋಡ್ರಿ ಎಲ್ಲಾ. ಸಿ-ಪೆಪ್ಟೈಡ್ ರಿಪೋರ್ಟ್ ಇವತ್ತ ಬಂತು, ಸೊನ್ನಿ ಇಲ್ಲ, ಸ್ವಲ್ಪ ಐತಿ. ಅಂದ್ರ ಒಳಗ ಇನ್ನೂ ಚೀಲಾ ತುಂಬಾಕತ್ತಾವು ಅಂದೆ. ನಾಳೆ ಡಾಕ್ಟರ್ ಕಡೆ ಹೊಂಟೇವಿ, ಊಟದ ಮದಲ ತಗದದ್ದು ಅಂತ ಚೀಟಿ ಮ್ಯಾಲೆ ಬರಕೊಂಡೀನಿ.